ಹಳೇ ಮೇಲ್ ಅಳಿಸಿದರೆ ದಾಖಲೆ ಹೋಗುತ್ತದಾ?

ಪ್ರಶ್ನೆ: ನಾವು ಅಡಿಕೆ ಬೆಳೆಗಾರರು ಸೇರಿ ಒಂದು ಮೇಲ್ ಗುಂಪು ಮಾಡಿಕೊಂಡಿದ್ದೇವೆ. ಉತ್ತರ ಬರೆಯಲು ಹೋದರೆ ಕೆಳಗೆ ಹಳೇ ಮೇಲುಗಳೆಲ್ಲ ತಾವಾಗಿಯೇ ಬಂದು ಕೂರುತ್ತವೆ. ಅವನ್ನು ಹಾಗೇ ಬಿಡಬೇಕಾ, ಅಳಿಸಬೇಕಾ? ಅಳಿಸಿದರೆ ನಾಳೆ ದಾಖಲೆಗೆ ಬೇಕು ಅಂದಾಗ ಏನು ಮಾಡುವುದು? (ಹೊನ್ನಾವರದ ಓದುಗರು)

ಉತ್ತರ: ಅಳಿಸಿ. ನೀವು ಯಾವ ಮಾತಿಗೆ ಉತ್ತರ ಕೊಡುತ್ತಿದ್ದೀರೋ ಆ ಒಂದೆರಡು ಸಾಲು ಇರಲಿ, ಅದನ್ನು ಬರೆದವರ ಹೆಸರು ಇರಲಿ. ಉಳಿದದ್ದು ಬೇಡ.

ಇದೇ ಉತ್ತರವನ್ನು ಶಿರಸಿ, ಸಿದ್ದಾಪುರ, ಕುಮಟಾ ಕಡೆಯವರಿಗೆಲ್ಲ ಕೊಟ್ಟು ಕೊಟ್ಟು ಸಾಕಾಗಿದೆ. ಮಳೆಗಾಲ ಹತ್ತಿರ ಬಂತೆಂದರೆ ಅಡಿಕೆಯ ಕೊಳೆ ರೋಗದ ಔಷಧಿಯ ಮಾತು ಶುರುವಾಗುತ್ತದೆ. ಅದರ ಬೆನ್ನಿಗೇ ಈ ಪ್ರಶ್ನೆಯೂ ಬರುತ್ತದೆ. ಹೇಳಿದಾಗ ಎಲ್ಲರೂ ಹೌದು ಹೌದು ಅನ್ನುತ್ತಾರೆ. ಮರುದಿನ ನೋಡಿದರೆ ಉತ್ತರದ ಕೆಳಗೆ ಮತ್ತೆ ಹಳೇ ಮೇಲುಗಳ ಅಷ್ಟೇ ಉದ್ದದ ಬಾಲ. ಯಾಕೆ ಬಿಟ್ಟಿರಿ ಅಂತ ಕೇಳಿದರೆ ಒಂದೇ ಮಾತು: "ದಾಖಲೆಗೆ ಇರಲಿ ಅಂತ." ಹಾಗಾಗಿ ಈ ಸಲ ಆ ದಾಖಲೆಯ ವಿಷಯವನ್ನೇ ಪೂರ್ತಿ ಬಿಡಿಸಿ ಹೇಳುತ್ತೇನೆ.

ಅದಕ್ಕೂ ಮೊದಲು, ಬಾಲದಿಂದ ಆಗುವ ತೊಂದರೆ ಏನು ಅಂತ ನೋಡಿ. ಒಬ್ಬರು ಒಂದೇ ಮೇಲಿನಲ್ಲಿ ಮೂರು ವಿಷಯ ಕೇಳಿದ್ದಾರೆ ಅಂದುಕೊಳ್ಳಿ. ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದು ನಲವತ್ತು ದಿನ ಆಯ್ತು, ಎರಡನೇ ಸಲ ಈಗಲೇ ಹೊಡೆಯಬೇಕಾ? ಸುಣ್ಣ ಚಿಪ್ಪಿನದೇ ಆಗಬೇಕಾ? ಗೊನೆಗೆ ಕೊಟ್ಟೆ (ಮಳೆ ತಾಗದಂತೆ ಹೊದಿಕೆ) ಕಟ್ಟಿದ ಮರಕ್ಕೂ ಹೊಡೆಯಬೇಕಾ? ಇದಕ್ಕೆ ಇನ್ನೊಬ್ಬರ ಉತ್ತರ ಬರುತ್ತದೆ: "ಹೌದು, ಹಾಗೇ ಮಾಡಿ." ಅದರ ಕೆಳಗೆ ವಾರದಿಂದ ಬಂದ ಅಷ್ಟೂ ಮೇಲುಗಳು. ಯಾವುದಕ್ಕೆ ಹೌದು? ಕೇಳಿದವರು ಅಷ್ಟು ಉದ್ದ ಕೆಳಗೆ ಹೋಗಿ ಹುಡುಕಿದರೂ ಗೊತ್ತಾಗುವುದಿಲ್ಲ. ಅಷ್ಟೆಲ್ಲ ಇಟ್ಟುಕೊಂಡೂ ಬೇಕಾದ ಸಂಬಂಧ ಮಾತ್ರ ಸಿಗಲಿಲ್ಲ.

ಅದನ್ನೇ ಹೀಗೆ ಬರೆದಿದ್ದರೆ:

> ಎರಡನೇ ಸಲ ಈಗಲೇ ಹೊಡೆಯಬೇಕಾ?
ಹೌದು. 40ರಿಂದ 45 ದಿನದೊಳಗೆ ಎರಡನೆಯದು ಆಗಬೇಕು. ಮಳೆ ಬಿಡುವು ಕೊಟ್ಟ ದಿನ ನೋಡಿಕೊಳ್ಳಿ.

> ಸುಣ್ಣ ಚಿಪ್ಪಿನದೇ ಆಗಬೇಕಾ?
ಒಳ್ಳೆ ಸುಣ್ಣ, ಚೆನ್ನಾಗಿ ಅರಳಿದ್ದು ಆದರೆ ಸಾಕು. ದ್ರಾವಣ ಆದ ಮೇಲೆ ತಿಕ್ಕಿ ತೊಳೆದ ಕತ್ತಿ ಅದ್ದಿ ನೋಡಿ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ.

ನಾಲ್ಕೇ ಸಾಲು. ಹಿಂದಿನ ಒಂದೂ ಮೇಲ್ ಓದದವರಿಗೂ ಅರ್ಥವಾಗುತ್ತದೆ. ಮೂರನೇ ಪ್ರಶ್ನೆಗೆ ಇವರು ಉತ್ತರ ಕೊಟ್ಟಿಲ್ಲ ಅನ್ನುವುದೂ ಕಾಣುತ್ತದೆ, ಗೊತ್ತಿದ್ದವರು ಬೇರೆ ಯಾರಾದರೂ ಕೊಡುತ್ತಾರೆ.

ಈಗ ದಾಖಲೆಯ ಮಾತು. ಈ ನಂಬಿಕೆ ಸುಮ್ನೆ ಹುಟ್ಟಿದ್ದಲ್ಲ. ನಮ್ಮಲ್ಲಿ ಸರ್ಕಾರಿ ಕೆಲಸ ಮಾಡಿದವರು, ಸೊಸೈಟಿಯಲ್ಲಿ ಲೆಕ್ಕ ಬರೆದವರು, ಶಾಲೆ ನಡೆಸಿದವರು ಜಾಸ್ತಿ. ತಾಲೂಕು ಕಚೇರಿಯ ಫೈಲು ಒಂದೇ ಇರುತ್ತದೆ, ಅದು ಮೇಜಿನಿಂದ ಮೇಜಿಗೆ ಹೋಗುತ್ತದೆ. ಹಳೇ ಕಾಗದಗಳನ್ನು ಅದರೊಳಗೇ ದಾರ ಹಾಕಿ ಕಟ್ಟಿರದಿದ್ದರೆ ಮುಂದಿನ ಮೇಜಿನವರಿಗೆ ಏನೂ ಗೊತ್ತಾಗುವುದಿಲ್ಲ. ಅಲ್ಲಿ ಅದು ಸರಿಯಾದ ಪದ್ಧತಿ. ಇಮೇಲ್ ವ್ಯವಸ್ಥೆಯೇ ಬೇರೆ. ಗುಂಪಿಗೆ ಕಳಿಸಿದ ಒಂದು ಮೇಲ್ ಪ್ರತಿಯೊಬ್ಬರ ಇನ್‌ಬಾಕ್ಸಿಗೂ ಬೇರೆ ಬೇರೆ ಪ್ರತಿಯಾಗಿ ಹೋಗುತ್ತದೆ. ಕಳಿಸಿದವರ ಸೆಂಟ್ ಫೋಲ್ಡರಿನಲ್ಲಿ ಇನ್ನೊಂದು ಪ್ರತಿ ಇರುತ್ತದೆ. ಗುಂಪು ಗೂಗಲ್ ಗ್ರೂಪ್ಸ್‌ನಲ್ಲಿದ್ದು, ಹಳೇ ಮೇಲುಗಳನ್ನು ಉಳಿಸಿಡುವ ಹಾಗೆ ಸೆಟ್ಟಿಂಗ್ ಮಾಡಿದ್ದರೆ ಅಲ್ಲಿ ಮತ್ತೊಂದು. ನಿಮ್ಮ ಉತ್ತರದ ಕೆಳಗಿನ ಬಾಲ ಅಳಿಸಿದರೆ ಇವುಗಳಲ್ಲಿ ಒಂದಕ್ಕೂ ಏನೂ ಆಗುವುದಿಲ್ಲ. ನೀವು ಅಳಿಸುವುದು ನಕಲಿನ ನಕಲನ್ನು. ಅಸಲು ಇದ್ದಲ್ಲೇ ಇರುತ್ತದೆ.

"ಹಾಗಾದರೆ ನನ್ನ ಉತ್ತರ ಯಾವ ಮೇಲಿಗೆ ಸೇರಿದ್ದು ಅಂತ ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು?" ಅಂತ ಕೇಳುವವರಿದ್ದಾರೆ. ಒಳ್ಳೇ ಪ್ರಶ್ನೆ. ಪ್ರತಿ ಮೇಲಿಗೂ ಮೆಸೇಜ್ ಐಡಿ ಅಂತ ಒಂದು ಗುರುತು ಇರುತ್ತದೆ. ನಮ್ಮ ಕಣ್ಣಿಗೆ ಕಾಣದ ತಲೆಭಾಗದಲ್ಲಿ, ಅಂದರೆ ಹೆಡರಿನಲ್ಲಿ, ಅದು ಕೂತಿರುತ್ತದೆ. ನೀವು ರಿಪ್ಲೈ ಒತ್ತಿದ ಕೂಡಲೇ ಹಿಂದಿನ ಮೇಲಿನ ಗುರುತು ನಿಮ್ಮ ಮೇಲಿನ ಹೆಡರಿಗೆ ಸೇರಿಕೊಳ್ಳುತ್ತದೆ. ಒಂದಕ್ಕೊಂದು ಕೊಂಡಿ ಬೀಳುವುದು ಅಲ್ಲಿ. ಜಿಮೇಲ್ ಇದರ ಜೊತೆಗೆ ಸಬ್ಜೆಕ್ಟ್ ಸಾಲನ್ನೂ ನೋಡುತ್ತದೆ. ಕೆಳಗಿನ ಬಾಲವನ್ನು ಪೂರ್ತಿ ಅಳಿಸಿ ಕಳಿಸಿ ನೋಡಿ, ನಿಮ್ಮ ಉತ್ತರ ಅದೇ ಮಾತುಕತೆಯ ಸಾಲಿನಲ್ಲಿ ಸರಿಯಾಗಿ ಹೋಗಿ ಸೇರುತ್ತದೆ. ಸಬ್ಜೆಕ್ಟ್ ಬದಲಿಸಿದರೆ ಮಾತ್ರ ಜಿಮೇಲಿನಲ್ಲಿ ಅದು ಹೊಸ ಸಾಲಾಗಿ ಬೇರೆಯಾಗುತ್ತದೆ.

ಇನ್ನು ಬಹಳ ಮುಖ್ಯವಾದ ಮಾತು. ಬಾಲ ದಾಖಲೆಯೇ ಅಲ್ಲ. ಯಾಕೆಂದರೆ ಅದನ್ನು ಯಾರು ಬೇಕಾದರೂ ತಿದ್ದಬಹುದು. ನಂಬಿಕೆ ಬರದಿದ್ದರೆ ಈಗಲೇ ಮಾಡಿ ನೋಡಿ. "1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು" ಅಂತ ಒಂದು ಮೇಲ್ ನಿಮಗೆ ನೀವೇ ಕಳಿಸಿಕೊಳ್ಳಿ. ಅದಕ್ಕೆ ರಿಪ್ಲೈ ಒತ್ತಿ, ಕೆಳಗಿನ ಹಳೇ ಮಾತಿನಲ್ಲಿ 100ರ ಒಂದು ಸೊನ್ನೆ ತೆಗೆಯಿರಿ, ಕಳಿಸಿ. ಹೋಗುತ್ತದೆ. ಯಾರೂ ತಡೆಯುವುದಿಲ್ಲ, ತಿದ್ದಿದ್ದಾರೆ ಅಂತ ಗುರುತೂ ಬೀಳುವುದಿಲ್ಲ. ಮೇಲೆ ನಿಮ್ಮದೇ ಹೆಸರು, ತಾರೀಖು, ಸಮಯ ಎಲ್ಲ ಸರಿಯಾಗಿದೆ, ಒಳಗಿನ ಲೆಕ್ಕ ಮಾತ್ರ ಹತ್ತು ಪಟ್ಟು ಗಟ್ಟಿ. ಬೇಕೆಂದೇ ತಿದ್ದಬೇಕಾಗಿಯೂ ಇಲ್ಲ. ಫೋನಿನಲ್ಲಿ ಬರೆಯುವಾಗ ಬೆರಳು ತಾಗಿ ಒಂದು ಅಂಕಿ ಹೋದರೂ ಸಾಕು. ಆಮೇಲಿನವರೆಲ್ಲ ಆ ಬಾಲವನ್ನೇ ಹೊತ್ತು ತರುತ್ತಾರೆ. ಕೊನೆಗೆ ಹೊಸಬರೊಬ್ಬರು ಬಾಲದಲ್ಲಿ ಓದಿ ಅದೇ ಅಳತೆಯಲ್ಲಿ ಕಲಸುತ್ತಾರೆ.

ದಾಖಲೆ ಬೇಕು ಅಂದರೆ ಬರೆದವರು ಕಳಿಸಿದ ಮೂಲ ಮೇಲನ್ನೇ ಇಟ್ಟುಕೊಳ್ಳಿ. ಅದಕ್ಕೊಂದು ಲೇಬಲ್ ಹಾಕಿ ಅಥವಾ ನಕ್ಷತ್ರದ ಗುರುತು ಹಾಕಿ. ತೀರಾ ಮುಖ್ಯವಾದದ್ದಾದರೆ ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಆ ಮೇಲಿನ ಮೂಲರೂಪವನ್ನು ಹೆಡರ್ ಸಮೇತ ಇಳಿಸಿಕೊಳ್ಳಬಹುದು. ಜಗಳ ಬಂದಾಗ ನಿಲ್ಲುವುದು ಅದು. ಬೇರೆಯವರ ಉತ್ತರದ ಕೆಳಗೆ ಅಂಟಿಕೊಂಡು ಬಂದ ನಕಲು ನಿಲ್ಲುವುದಿಲ್ಲ.

ಬಾಲ ಇದ್ದರೆ ನಷ್ಟವೇನು ಅನ್ನುವವರಿಗೆ ಇನ್ನೊಂದು ಲೆಕ್ಕ. ಕಂಪ್ಯೂಟರ್ ಬರಹದ ಗಾತ್ರವನ್ನು ಬೈಟಿನಲ್ಲಿ ಅಳೆಯುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಸಂಕೇತಕ್ಕೂ ಸಾಮಾನ್ಯವಾಗಿ 3 ಬೈಟ್ ಬೇಕು. "ಅಡಿಕೆ" ಅಂತ ಬರೆದರೆ ನಮಗೆ ಮೂರೇ ಅಕ್ಷರ. ಕಂಪ್ಯೂಟರ್ ಲೆಕ್ಕದಲ್ಲಿ ಗುಡಿಸು, ಎತ್ವ ಎಲ್ಲ ಬೇರೆ ಬೇರೆಯಾಗಿ ಐದು ಸಂಕೇತ, 15 ಬೈಟ್. ಜೊತೆಗೆ ಹೆಚ್ಚಿನ ಮೇಲುಗಳಲ್ಲಿ ಅದೇ ಬರಹ ಎರಡು ರೂಪದಲ್ಲಿ ಹೋಗುತ್ತದೆ, ಅಲಂಕಾರ ಇದ್ದದ್ದು ಒಂದು, ಸಾದಾ ಇನ್ನೊಂದು. ಮೇಲ್ ಸುಮಾರು 102 ಕೆಬಿ ದಾಟಿದರೆ ಜಿಮೇಲ್ ಅದನ್ನು ನಡುವೆ ಕತ್ತರಿಸಿ ತೋರಿಸುತ್ತದೆ, ಉಳಿದದ್ದು ಬೇಕಾದರೆ ಕೊಂಡಿ ಒತ್ತಿ ಅನ್ನುತ್ತದೆ. ಕನ್ನಡದಲ್ಲಿ ಬರೆಯುವ ನಾವು ಆ ಗಡಿಯನ್ನು ಬೇಗ ಮುಟ್ಟುತ್ತೇವೆ. ಘಟ್ಟದ ಮೇಲಿನ ಹಳ್ಳಿಗಳಲ್ಲಿ ಜೂನ್, ಜುಲೈ ತಿಂಗಳ ಪಾಡು ಗೊತ್ತಲ್ವಾ. ಕರೆಂಟ್ ಇರುವುದಿಲ್ಲ, ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಬೇಕು. ಅಲ್ಲಿ ಕೊಡೆ ಹಿಡಿದು ನಿಂತವರಿಗೆ ನಿಮ್ಮ ಒಂದು ಸಾಲಿನ ಜೊತೆ ಹಳೇ ಕಂತೆಯನ್ನೂ ಇಳಿಸಿಕೊಳ್ಳುವ ಕೆಲಸ ಯಾಕೆ ಕೊಡಬೇಕು? ಕಣ್ಣು ಕಾಣದವರು ಮೇಲನ್ನು ಫೋನಿನಿಂದ ಓದಿಸಿ ಕೇಳುತ್ತಾರೆ. ಅವರ ಪಾಲಿಗಂತೂ ಆ ಬಾಲ ದೊಡ್ಡ ಹಿಂಸೆ.

ಈಗ ಮಾಡುವ ರೀತಿ. ಜಿಮೇಲಿನಲ್ಲಿ ರಿಪ್ಲೈ ಒತ್ತಿದಾಗ ಹಳೇ ಮಾತು ಕಾಣದಿದ್ದರೆ ಇಲ್ಲ ಅಂದುಕೊಳ್ಳಬೇಡಿ. ಬರೆಯುವ ಜಾಗದ ಕೆಳಗೆ ಮೂರು ಚುಕ್ಕಿ ಇರುತ್ತದೆ. ಅದನ್ನು ಒತ್ತಿದರೆ ಎಲ್ಲ ತೆರೆದುಕೊಳ್ಳುತ್ತದೆ, ಆಮೇಲೆ ಬೇಡದ್ದನ್ನು ಅಳಿಸಬಹುದು. ಕಂಪ್ಯೂಟರಿನಲ್ಲಿ ಮೇಲ್ ನೋಡಲು ಥಂಡರ್‌ಬರ್ಡ್ ಅನ್ನುವ ತಂತ್ರಾಂಶ ಬಳಸುವವರಿಗೆ ಇನ್ನೂ ಸುಲಭ. ಬೇಕಾದ ಸಾಲನ್ನು ಮೊದಲೇ ಸೆಲೆಕ್ಟ್ ಮಾಡಿ ರಿಪ್ಲೈ ಒತ್ತಿದರೆ ಅಷ್ಟೇ ಬರುತ್ತದೆ. ದಿನದ ಮೇಲುಗಳನ್ನೆಲ್ಲ ಒಂದೇ ಕಂತೆಯಾಗಿ ತರಿಸಿಕೊಳ್ಳುವವರು ಮಾತ್ರ ಎರಡು ಪಟ್ಟು ಎಚ್ಚರ ವಹಿಸಬೇಕು. ರಿಪ್ಲೈ ಒತ್ತಿದರೆ ಇಡೀ ಕಂತೆ ಬರುತ್ತದೆ, ಸಬ್ಜೆಕ್ಟ್ ಕೂಡ ಕಂತೆಯದೇ ಇರುತ್ತದೆ. ಎರಡನ್ನೂ ಸರಿ ಮಾಡಿ ಕಳಿಸಿ.

ಅಳಿಸಿ ಅಂದೆ ಅಂತ ಹೇಗೆಂದರೆ ಹಾಗೆ ಕತ್ತರಿಸಬೇಡಿ. "ಇಂಥವರು ಬರೆದರು" ಅನ್ನುವ ಸಾಲು ಉಳಿಯಲೇಬೇಕು. ಅದು ಹೋಗಿ ಹಳೇ ಸಾಲಿನ ಮೊದಲು ಬರುವ ಬಾಣದ ಗುರುತು ಮಾತ್ರ ಉಳಿದರೆ ಯಾರದೋ ಮಾತು ಇನ್ಯಾರದೋ ತಲೆಗೆ ಬರುತ್ತದೆ. ಒಂದು ಬಾಣ ಇದ್ದರೆ ಹಿಂದಿನವರ ಮಾತು, ಎರಡಿದ್ದರೆ ಅವರಿಗಿಂತ ಹಿಂದಿನವರದು. ಇನ್ನು, ವಾಕ್ಯದ ಅರ್ಧ ಕೀಳಬೇಡಿ. ಒಬ್ಬರು "ಮಧ್ಯಾಹ್ನ ಬಿಸಿಲು ಬಂದರೆ ಹೊಡೆಯಬಹುದು, ಆದರೆ ಅಡಿಕೆ ಕೊನೆ (ಗೊನೆ) ಒದ್ದೆ ಇರಬಾರದು" ಅಂತ ಬರೆದಿರುತ್ತಾರೆ. ಮೊದಲರ್ಧ ಮಾತ್ರ ಇಟ್ಟುಕೊಂಡು "ಒದ್ದೆ ಕೊನೆಗೆ ಹೊಡೆದರೆ ಔಷಧಿ ನಿಲ್ಲುತ್ತದೆಯೇ?" ಅಂತ ಅವರನ್ನೇ ತರಾಟೆಗೆ ತೆಗೆದುಕೊಂಡರೆ ಅದು ಅನ್ಯಾಯ. ನಡುವೆ ಏನಾದರೂ ಬಿಟ್ಟಿದ್ದರೆ ಮೂರು ಚುಕ್ಕಿ ಹಾಕಿ ತೋರಿಸಿ.

ಉತ್ತರ ಮೇಲೆ ಬರೆಯಬೇಕೋ ಕೆಳಗೆ ಬರೆಯಬೇಕೋ ಅನ್ನುವ ಜಗಳ ಹಳೆಯದು. ಪ್ರಶ್ನೆ ಒಂದೇ ಇದ್ದರೆ ಎಲ್ಲಿ ಬರೆದರೂ ನಡೆಯುತ್ತದೆ. ಎರಡು ಮೂರು ಇದ್ದರೆ ಆಯಾ ಪ್ರಶ್ನೆಯ ಕೆಳಗೇ ಬರೆಯಿರಿ.

ಇದೆಲ್ಲ ನಾನು ಮಾಡಿದ ಕಟ್ಟಳೆಯಲ್ಲ. ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಡಲು ಶುರುಮಾಡಿದ್ದು 1995ರ ಆಗಸ್ಟ್ 15ರಂದು. ಅದೇ ವರ್ಷ ಅಕ್ಟೋಬರಿನಲ್ಲಿ ಆರ್‌ಎಫ್‌ಸಿ 1855 ಅನ್ನುವ, ಇಂಟರ್ನೆಟ್ಟಿನಲ್ಲಿ ನಡೆದುಕೊಳ್ಳುವ ರೀತಿಯ ಕೈಪಿಡಿ ಬಂತು. ಇಂಟೆಲ್ ಕಂಪನಿಯ ಸ್ಯಾಲಿ ಹ್ಯಾಂಬ್ರಿಜ್ ಬರೆದದ್ದು. ಸಂಬಂಧ ತಿಳಿಯಲು ಸಾಕಾಗುವಷ್ಟೇ ಹಳೇ ಮಾತು ಇಡಿ, ಪೂರ್ತಿ ಹಾಕಬೇಡಿ ಅಂತ ಅದರಲ್ಲಿ ಸ್ಪಷ್ಟವಾಗಿದೆ. ನಮ್ಮ ಮನೆಗಳಿಗೆ ಮೇಲ್ ಬರುವ ಮೊದಲೇ ಈ ಮಾತು ತೀರ್ಮಾನವಾಗಿತ್ತು.

ಪೂರ್ತಿ ಕಳಿಸಬೇಕಾದ ಸಂದರ್ಭವೂ ಇದೆ. ಮಾತಿನ ನಡುವೆ ಹೊಸಬರೊಬ್ಬರನ್ನು ಸೇರಿಸಿಕೊಂಡರೆ ಅವರ ಹತ್ತಿರ ಹಿಂದಿನ ಮೇಲುಗಳು ಇರುವುದಿಲ್ಲ. ಆಗ ನಡೆದದ್ದನ್ನು ಮೂರು ಸಾಲಿನಲ್ಲಿ ನೀವೇ ಹೇಳಿ, ಬೇಕಾದ ಮೂಲ ಮೇಲನ್ನು ಅಟ್ಯಾಚ್ಮೆಂಟ್ ಆಗಿ ಫಾರ್ವರ್ಡ್ ಮಾಡಿ. ಕಂಪನಿಗೋ ಕಚೇರಿಗೋ ದೂರು ಬರೆದಾಗ ಅವರು ಹಿಂದಿನ ಪತ್ರವ್ಯವಹಾರ ಜೊತೆಗಿರಲಿ ಅಂದರೆ ಇಡಿ.

ಇಲ್ಲಿ ಯಾರೂ ಕೇಳದ ಒಂದು ಮಾತನ್ನು ನಾನೇ ಎತ್ತುತ್ತೇನೆ, ಯಾಕೆಂದರೆ ಬಾಲಕ್ಕಿಂತ ಇದರಿಂದ ಮನಸ್ಸು ಜಾಸ್ತಿ ಕೆಡುತ್ತದೆ. ನಿಮಗೊಬ್ಬರಿಗೇ ಬರೆದ ಮೇಲನ್ನು ಗುಂಪಿಗೆ ಹಾಕಬಹುದಾ? ಬರೆದವರನ್ನು ಕೇಳದೆ ಹಾಕಬಾರದು. ಆ ಕೈಪಿಡಿಯಲ್ಲೂ ಇದೇ ಇದೆ: ಮೊದಲು ಅನುಮತಿ ಕೇಳಿ, ಮಾತು ಬದಲಿಸಬೇಡಿ, ಚಿಕ್ಕದು ಮಾಡಿದರೂ ಯಾರದು ಅಂತ ಹೇಳಿ. "ಈ ಸಲ ಚಾಲಿ ಅಡಿಕೆ ಅರ್ಧ ಮಾರಿಬಿಟ್ಟೆ, ಮಗಳ ಮದುವೆ ಇದೆ" ಅಂತ ಒಬ್ಬರು ನಿಮ್ಮ ಮೇಲಿನ ಸಲುಗೆಯಿಂದ ಬರೆದಿರುತ್ತಾರೆ. ನೀವು ದರದ ಚರ್ಚೆಗೆ ಉಪಯೋಗ ಆಗುತ್ತದೆ ಅಂತ ಅದನ್ನೇ ಎತ್ತಿ ಹಾಕಿದರೆ ಅವರ ಮನೆ ವಿಷಯ ಬೆಂಗಳೂರಿನ ತನಕ ಹೋಯಿತು. ಬಾಲ ಅಳಿಸದೇ ಫಾರ್ವರ್ಡ್ ಮಾಡುವವರಿಂದಲೂ ಹೀಗೇ ಆಗುತ್ತದೆ. ಮೇಲಿನ ಒಂದು ಸಾಲು ನೋಡಿ ಕಳಿಸಿರುತ್ತಾರೆ, ಎಷ್ಟೋ ಕೆಳಗೆ ಯಾರದೋ ಸಾಲದ ಮಾತು ಇರುತ್ತದೆ.

ಕೇಳುವುದು ಕಷ್ಟದ ಕೆಲಸ ಅಲ್ಲ. "ನೀವು ದರದ ಬಗ್ಗೆ ಬರೆದ ಈ ಎರಡು ಸಾಲನ್ನು ಗುಂಪಿಗೆ ಹಾಕಲಾ?" ಅಂತ ಆ ಎರಡು ಸಾಲನ್ನೇ ಇಟ್ಟು ಒಂದು ಮೇಲ್ ಬರೆಯಿರಿ. ಒಪ್ಪಿದರೆ ಅಷ್ಟನ್ನೇ ಹಾಕಿ. ಅದರಲ್ಲಿ ಫೋನ್ ನಂಬರು, ಸರ್ವೆ ನಂಬರು, ಸೊಸೈಟಿಯ ಖಾತೆ ನಂಬರು ಇದ್ದರೆ ತೆಗೆದು ಹಾಕಿ. ಉತ್ತರ ಬರದಿದ್ದರೆ ಒಪ್ಪಿದ್ದಾರೆ ಅಂದುಕೊಳ್ಳಬೇಡಿ. ದರ ಎಷ್ಟಿತ್ತು ಅನ್ನುವುದನ್ನಷ್ಟೇ ನಿಮ್ಮ ಮಾತಿನಲ್ಲಿ ಬರೆಯಿರಿ, ಅವರ ಹೆಸರು ಬೇಡ.