ಒಂದು ದಿನ ತಪ್ಪಿದರೆ ಏನಾಗುತ್ತದೆ?

ಕ್ಯಾನ್ಸರ್‌ಗೆ ರೇಡಿಯೇಷನ್ ಕೊಡುವುದು ನನ್ನ ಕೆಲಸ. ನಮ್ಮ ಪೇಷೆಂಟುಗಳು ಅದನ್ನು ‘ಕರೆಂಟ್ ಇಡಿಸೋದು’ ಅನ್ನುತ್ತಾರೆ. ಗರ್ಭಕೊರಳಿನ ಕ್ಯಾನ್ಸರ್ ಆದರೆ ವಾರಕ್ಕೆ ಐದು ದಿನದಂತೆ ಸುಮಾರು 25 ಸಲ. ಆಮೇಲೆ ದೇಹದ ಒಳಗಿನಿಂದ ಕೊಡುವುದು ಬೇರೆ. ಎಲ್ಲ ಸೇರಿ ಎಂಟು ವಾರದೊಳಗೆ ಮುಗಿಯಬೇಕು.

ಒಮ್ಮೆ ಒಬ್ಬ ತಾಯಿ ಒಂಬತ್ತು ದಿನ ಬರಲಿಲ್ಲ. ರಾಗಿ ಕೊಯ್ಲು ಇತ್ತಂತೆ. ಹೊಟ್ಟೆಯ ಮೇಲೆ ನಾವು ಹಾಕಿದ್ದ ಇಂಕಿನ ಗುರುತು ಅಳಿಸಿಹೋಗಿತ್ತು. “ಎರಡು ದಿನ ಜಾಸ್ತಿ ಇಟ್ಬಿಡಿ ಡಾಕ್ಟ್ರೇ, ಸರಿಹೋಗುತ್ತೆ” ಅಂದರು. ಅಷ್ಟು ಸುಲಭ ಅಲ್ಲ. ನಡುವೆ ಬಿಡುವು ಸಿಕ್ಕರೆ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆಯುತ್ತವೆ. ಅದಕ್ಕೇ ತಪ್ಪಿದ ಪ್ರತಿ ದಿನದ ಪಕ್ಕ ಚಾರ್ಟಿನಲ್ಲಿ ಕಾರಣ ಬರೆಯುತ್ತೇವೆ. ಜ್ವರ. ಮೆಷಿನ್ ಕೆಟ್ಟಿತ್ತು. ಬಸ್ಸಿಗೆ ದುಡ್ಡಿರಲಿಲ್ಲ.

ಗಾಜಾದ ಪೇಷೆಂಟಿಗೆ ಇನ್ನೊಂದು ಕಾರಣ ಇದೆ. ಪರ್ಮಿಟ್ ಸಿಗಲಿಲ್ಲ.

ಗಾಜಾದಲ್ಲಿ ರೇಡಿಯೇಷನ್ ಚಿಕಿತ್ಸೆ 2023ರ ಅಕ್ಟೋಬರಿನಲ್ಲಿ ಶುರುವಾದ ಯುದ್ಧಕ್ಕೆ ಮುಂಚೆಯೂ ಇರಲಿಲ್ಲ. ಹೆಚ್ಚಿನವರು ಪೂರ್ವ ಜೆರುಸಲೇಮಿನ ಆಗಸ್ಟಾ ವಿಕ್ಟೋರಿಯಾ ಆಸ್ಪತ್ರೆಗೆ ಹೋಗಬೇಕಿತ್ತು. ದೂರ ಹೆಚ್ಚೂಕಡಿಮೆ ಬೆಂಗಳೂರಿಂದ ತುಮಕೂರಿಗೆ ಹೋದಷ್ಟೇ. ಆದರೆ ಗಾಜಾದ ಗಡಿ ದಾಟಲು ಇಸ್ರೇಲಿನ ಪರ್ಮಿಟ್ ಬೇಕು, ಜೊತೆಗೆ ಬರುವವರಿಗೂ ಬೇಕು. ಉತ್ತರ ಬರುವಷ್ಟರಲ್ಲಿ ಅಪಾಯಿಂಟ್‌ಮೆಂಟ್ ತಪ್ಪಿದರೆ ಮತ್ತೆ ಮೊದಲಿನಿಂದ ಅರ್ಜಿ. 2017ರಲ್ಲಿ ಒಪ್ಪಿಗೆ ಸಿಕ್ಕಿದ್ದು ಶೇ. 54 ಅರ್ಜಿಗಳಿಗೆ ಮಾತ್ರ. ಆ ವರ್ಷ ಪರ್ಮಿಟ್ ತಡವಾಗಿಯೋ ಸಿಗದೆಯೋ ತೀರಿಕೊಂಡವರು 54 ಜನ. ಅವರಲ್ಲಿ 46 ಮಂದಿ ಕ್ಯಾನ್ಸರ್ ಪೇಷೆಂಟುಗಳು. ಈ 46 ನನ್ನ ತಲೆಯಿಂದ ಹೋಗುವುದೇ ಇಲ್ಲ.

ಇದು ನಮಗೆ ಗೊತ್ತಾಗಿದ್ದು ಗಾಜಾದ ಅಲ್ ಮೆಜಾನ್ ಅನ್ನುವ ಮಾನವ ಹಕ್ಕುಗಳ ಸಂಸ್ಥೆ ಲೆಕ್ಕ ಇಟ್ಟಿದ್ದರಿಂದ. 2018ರ ಫೆಬ್ರುವರಿಯಲ್ಲಿ ಐದು ಸಂಸ್ಥೆಗಳು ಸೇರಿ ಅದನ್ನು ಜಗತ್ತಿನ ಮುಂದಿಟ್ಟವು. ಅದರಲ್ಲಿ ಒಂದು ‘ಫಿಸಿಷಿಯನ್ಸ್ ಫಾರ್ ಹ್ಯೂಮನ್ ರೈಟ್ಸ್ ಇಸ್ರೇಲ್’. ಮನೋವೈದ್ಯೆ ರುಹಾಮಾ ಮಾರ್ಟನ್ 1988ರಲ್ಲಿ ಇಸ್ರೇಲಿ, ಪ್ಯಾಲೆಸ್ತೀನಿ ವೈದ್ಯರನ್ನು ಕೂಡಿಸಿ ಕಟ್ಟಿದ ಸಂಘ. ಅವರ ಸಂಚಾರಿ ಕ್ಲಿನಿಕ್ ಶನಿವಾರ ವೆಸ್ಟ್ ಬ್ಯಾಂಕಿನ ಹಳ್ಳಿಗಳಿಗೆ ಹೋಗುತ್ತದೆ. ಪರ್ಮಿಟ್ ಸಿಗದವರ ಕಾಗದಪತ್ರ ಹಿಡಿದು ಅಧಿಕಾರಿಗಳ ಬೆನ್ನು ಬೀಳುವುದು, ಆಗದಿದ್ದರೆ ಕೋರ್ಟಿಗೆ ಹೋಗುವುದೂ ಅವರ ಕೆಲಸವೇ.

“ಡಾಕ್ಟರುಗಳಿಗೆ ಯಾಕೆ ಈ ರಾಜಕೀಯ?” ಅಂತ ನನ್ನ ಜೊತೆಯವರೇ ಕೇಳುತ್ತಾರೆ. ಡೋಸ್ ಎಷ್ಟು ಅಂತ ನಾನು ಲೆಕ್ಕ ಹಾಕಬಲ್ಲೆ. ಪೇಷೆಂಟ್ ಟೇಬಲ್ ಮೇಲೆ ಬಂದು ಮಲಗದಿದ್ದರೆ ಆ ಲೆಕ್ಕ ಇಟ್ಟುಕೊಂಡು ಏನು ಮಾಡಲಿ? ಅವರು ಬರುವ ದಾರಿಯೂ ಚಿಕಿತ್ಸೆಯ ಭಾಗವೇ ಅಲ್ವಾ?

ಯುದ್ಧ ಶುರುವಾದ ಮೇಲೆ ಆ ದಾರಿಯೂ ಮುಚ್ಚಿತು. ಗಾಜಾದ ಟರ್ಕಿಷ್ ಕ್ಯಾನ್ಸರ್ ಆಸ್ಪತ್ರೆ 2023ರ ನವೆಂಬರಿನಲ್ಲಿ ಇಂಧನವಿಲ್ಲದೆ ನಿಂತಿತು. 2025ರ ಮಾರ್ಚಿನಲ್ಲಿ ಇಸ್ರೇಲಿ ಸೇನೆ ಅದನ್ನು ಸ್ಫೋಟಿಸಿ ಕೆಡವಿತು. ಪೂರ್ವ ಜೆರುಸಲೇಮಿಗೆ ಪೇಷೆಂಟುಗಳು ಹೋಗುವ ದಾರಿ ತೆರೆಯಿರಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತೆ ಮತ್ತೆ ಕೇಳಿದೆ. ವೈದ್ಯರ ಸಂಘಗಳೂ ಅದನ್ನು ಕೇಳಬೇಕು, ನಮ್ಮವೂ ಕೇಳಬೇಕು.