ಆರ್‌ಎ ಫ್ಯಾಕ್ಟರ್ ಏರಿದರೆ ಕಾಯಿಲೆ ಏರಿದಂತಲ್ಲ

"ಡಾಕ್ಟರೇ, ಆರ್‌ಎ ಫ್ಯಾಕ್ಟರ್ ನಲವತ್ತು ಇದ್ದದ್ದು ಐವತ್ತೆಂಟಾಗಿದೆ. ಮಾತ್ರೆ ಜಾಸ್ತಿ ಮಾಡುತ್ತೀರಾ?"

ಕುರ್ಚಿಯಲ್ಲಿ ಕೂರುವ ಮೊದಲೇ ಈ ಪ್ರಶ್ನೆ ಬರುತ್ತದೆ. ಬೆರಳಿನ ಊತ ಇಳಿದಿದೆ, ಬೆಳಗಿನ ಬಿಗಿತ ಹತ್ತು ನಿಮಿಷಕ್ಕೆ ಹೋಗುತ್ತದೆ, ಆದರೂ ಮುಖದಲ್ಲಿ ಗಾಬರಿ. ಆ ಗಾಬರಿ ನೋಡಿದರೆ ನನಗೆ ಸಂಕಟವಾಗುತ್ತದೆ, ಏಕೆಂದರೆ ಅದಕ್ಕೆ ಕಾರಣವೇ ಇಲ್ಲ.

ಆರ್‌ಎ ಫ್ಯಾಕ್ಟರ್ ಎಂದರೆ ರಕ್ತಪರೀಕ್ಷೆಯಲ್ಲಿ ಕಾಣುವ ಒಂದು ಪ್ರತಿಕಾಯ. ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ದಾಳಿ ಮಾಡುವ ರುಮಟಾಯ್ಡ್ ಸಂಧಿವಾತ (ಆರ್‌ಎ) ಇದೆಯೇ ಎಂದು ಮೊದಲ ಬಾರಿ ತೀರ್ಮಾನಿಸುವಾಗ ಅದು ನೆರವಾಗುತ್ತದೆ. ಆರಂಭದಲ್ಲೇ ಬಹಳ ಹೆಚ್ಚಿದ್ದರೆ ಕಾಯಿಲೆ ತೀವ್ರವಾಗುವ ಸಂಭವ ಹೆಚ್ಚು ಎಂಬುದೂ ನಿಜ. ಅಲ್ಲಿಗೆ ಅದರ ಕೆಲಸ ಬಹುಪಾಲು ಮುಗಿಯಿತು. ಈ ತಿಂಗಳು ಕಾಯಿಲೆ ಹೇಗಿದೆ ಎಂಬುದನ್ನು ಅದು ಹೇಳುವುದಿಲ್ಲ. ಚಿಕಿತ್ಸೆಯಿಂದ ಕೆಲವರಲ್ಲಿ ಇಳಿಯಬಹುದು, ಆರಾಮವಾಗಿರುವವರಲ್ಲೂ ಹಾಗೆಯೇ ಉಳಿಯಬಹುದು. ಕಾಯಿಲೆಯ ಏರಿಳಿತವನ್ನು ನಾವು ಅಳೆಯುವುದು ಊದಿದ ಕೀಲುಗಳನ್ನು, ಒತ್ತಿದರೆ ನೋಯುವ ಕೀಲುಗಳನ್ನು ಎಣಿಸಿ. ಜೊತೆಗೆ ಉರಿಯೂತ ಎಷ್ಟಿದೆ ಎಂದು ತೋರಿಸುವ ಇಎಸ್‌ಆರ್, ಸಿಆರ್‌ಪಿ ರಕ್ತಪರೀಕ್ಷೆಗಳನ್ನು ನೋಡಿ.

ಈ ಕಾಯಿಲೆಯೇ ಇಲ್ಲದವರಲ್ಲೂ ಆರ್‌ಎ ಫ್ಯಾಕ್ಟರ್ ಪಾಸಿಟಿವ್ ಬರುತ್ತದೆ: ಆರೋಗ್ಯವಂತ ವೃದ್ಧರಲ್ಲಿ, ಹೆಪಟೈಟಿಸ್ ಸಿ ಇರುವವರಲ್ಲಿ, ಕೆಲವು ಕ್ಷಯ ರೋಗಿಗಳಲ್ಲಿ. ಇನ್ನೊಂದು ಪ್ರತಿಕಾಯವನ್ನು ಹುಡುಕುವ ಆ್ಯಂಟಿ-ಸಿಸಿಪಿ ಇದಕ್ಕಿಂತ ನಂಬಿಕೆಗೆ ಅರ್ಹವಾದ ಪರೀಕ್ಷೆ. ಆದರೆ ಎರಡೂ ನೆಗೆಟಿವ್ ಇದ್ದೂ ಕಾಯಿಲೆ ಇರುವವರು ಅಪರೂಪವೇನಲ್ಲ.

ಶಾಲೆಯೊಂದರಲ್ಲಿ ಬಿಸಿಯೂಟ ಮಾಡುವ ಮಹಿಳೆಯೊಬ್ಬರು ಹಾಗೆ ಬಂದಿದ್ದರು. ಕಾಯಿ ತುರಿಯಲು ಆಗುತ್ತಿರಲಿಲ್ಲ, ಸೌಟು ಹಿಡಿದರೆ ಕಣ್ಣಲ್ಲಿ ನೀರು. ರಿಪೋರ್ಟು ನೆಗೆಟಿವ್ ಎಂದ ಮೇಲೆ ಮನೆಯವರು "ವಯಸ್ಸಾಯಿತು, ಎಣ್ಣೆ ಹಚ್ಚಿಕೊ" ಎಂದಿದ್ದರಂತೆ. ಎರಡೂ ಕೈಗಳ ಬೆರಳಿನ ಬುಡಗಳು ಮೆತ್ತಗೆ ಊದಿದ್ದವು. ಅಡ್ಡಲಾಗಿ ಮೆಲ್ಲಗೆ ಅಮುಕಿದ್ದಕ್ಕೇ ಕೈ ಎಳೆದುಕೊಂಡರು. ಎಕ್ಸ್‌ರೇಯಲ್ಲಿ ಮೂಳೆಯ ಅಂಚು ಆಗಲೇ ಸವೆದಿತ್ತು. ಒಮ್ಮೆ ಸವೆದ ಮೂಳೆಯನ್ನು ಮೊದಲಿನಂತೆ ಮಾಡಲು ನಮ್ಮಿಂದ ಆಗುವುದಿಲ್ಲ.

ಎಲ್ಲ ಕೀಲುನೋವೂ ಇದಲ್ಲ. ಚಿಕುನ್‌ಗುನ್ಯಾ ಬಂದು ಹೋದ ಮೇಲೆ ತಿಂಗಳುಗಟ್ಟಲೆ ಕೀಲು ಊದಬಹುದು. ಜ್ವರ ಬಂದಿದ್ದರೆ ಮೊದಲೇ ಹೇಳಿ.

ನನಗೆ ನಿಜಕ್ಕೂ ಸಿಟ್ಟು ಬರುವುದು ಇನ್ನೊಂದಕ್ಕೆ. ಮೂರು ತಿಂಗಳಿಗೊಮ್ಮೆ ಆರ್‌ಎ ಫ್ಯಾಕ್ಟರ್‌ಗೆ ದುಡ್ಡು ಕೊಡುವವರೇ, ಖರ್ಚು ಉಳಿಸಲೆಂದು ಬೇಕಾದ ಪರೀಕ್ಷೆಗಳನ್ನು ಬಿಡುತ್ತಾರೆ. ಈ ಕಾಯಿಲೆಗೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ತೆಗೆದುಕೊಳ್ಳುವವರು ವೈದ್ಯರು ಹೇಳಿದ ಅವಧಿಗೆ ರಕ್ತಕಣಗಳ ಎಣಿಕೆ, ಯಕೃತ್ತಿನ ಪರೀಕ್ಷೆ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಮಾಡಿಸಲೇಬೇಕು. ಆ ಮಾತ್ರೆ ವಾರಕ್ಕೊಮ್ಮೆ ಮಾತ್ರ, ದಿನವೂ ಅಲ್ಲ. ಆರ್‌ಎ ಫ್ಯಾಕ್ಟರ್ ಇಳಿಯಿತೆಂದು ಅದನ್ನು ನೀವಾಗಿಯೇ ನಿಲ್ಲಿಸಬೇಡಿ.