ದಿಬ್ಬದೊಳಗೆ ಕೊಳೆಯುವ ಮರ

ಏಪ್ರಿಲ್‌ನಲ್ಲಿ ತೀರ್ಥಹಳ್ಳಿ ಕಡೆಯ ಕಾಡಿನಲ್ಲಿ ಬಿದ್ದು ಕೊಳೆತ ದಿಮ್ಮಿಯೊಂದನ್ನು ಸ್ವಲ್ಪ ಹೊರಳಿಸಿ ನೋಡಿ. ಕೋಲಿನಿಂದಲೇ ಹೊರಳಿಸಿ, ಅಡಿಯಲ್ಲಿ ಹಾವಿದ್ದರೂ ಇರಬಹುದು. ಸುತ್ತ ದರಕು, ಅಂದರೆ ಉದುರಿದ ಒಣ ಎಲೆ, ಕರಕರ ಎನ್ನುತ್ತಿದ್ದರೂ ದಿಮ್ಮಿಯ ತಳ ತೇವವಾಗಿಯೇ ಇರುತ್ತದೆ. ದೊಡ್ಡ ಮಳೆ ನಿಂತು ತಿಂಗಳುಗಳೇ ಆಗಿವೆ. ಈ ನೀರು ಉಳಿದದ್ದು ಹೇಗೆ? ಅದು ಗೊತ್ತಾದರೆ ಹಿತ್ತಲಿನಲ್ಲಿ ತರಕಾರಿ ದಿಬ್ಬದೊಳಗೆ ಮರ ಹೂತು ಇದೇ ಉಪಾಯ ಮಾಡಬಹುದು.

ಹಸಿ ಮರ ಕಡಿದು ಒಣಗಿಸಿದಾಗ ಅದರ ಕೋಶಗಳೊಳಗೆ ಗಾಳಿ ತುಂಬಿರುತ್ತದೆ. ಗೋಡೆಗಳು ಗಟ್ಟಿ, ನೀರು ಸುಲಭವಾಗಿ ಒಳಗೆ ಹೋಗುವುದಿಲ್ಲ. ಶಿಲೀಂಧ್ರ ಹಿಡಿದ ಮೇಲೆ ಕಥೆ ಬೇರೆ. ಅದು ಗೋಡೆಗಳನ್ನು ಕೊರೆದು ತಿನ್ನುತ್ತದೆ. ಮರ ಹಗುರಾಗುತ್ತದೆ, ಒಳಗೆಲ್ಲ ಜಾಗ ತೆರೆದುಕೊಳ್ಳುತ್ತದೆ. ಚೆನ್ನಾಗಿ ಕೊಳೆತ ಮರ ತನ್ನ ಒಣತೂಕದ ಎರಡು ಪಟ್ಟಿಗೂ ಜಾಸ್ತಿ ನೀರು ಹಿಡಿಯಬಲ್ಲದು.

ಇನ್ನೂ ಒಂದು ಮಜಾ ಇದೆ. ಕೊಳೆಯುವಾಗ ನೀರು ಹುಟ್ಟುತ್ತದೆ ಕೂಡ. ಶಿಲೀಂಧ್ರ ಗಾಳಿಯ ಆಮ್ಲಜನಕ ಬಳಸಿ 1 ಕೆಜಿ ಸೆಲ್ಯುಲೋಸನ್ನು ಪೂರ್ತಿ ಕರಗಿಸಿದರೆ ಸುಮಾರು 550 ಗ್ರಾಂ ನೀರು ಬರುತ್ತದೆ. ಸುಮ್ನೆ ಹೇಳುವ ಮಾತಲ್ಲ, ರಸಾಯನಶಾಸ್ತ್ರದ ಲೆಕ್ಕ. ಆದರೆ ಅದು ವರ್ಷಗಟ್ಟಲೆ ಹನಿಹನಿಯಾಗಿ ಬರುವ ನೀರು. ಬದನೆ ಗಿಡ ಅದನ್ನೇ ನಂಬಿ ಕೂರುವಂತಿಲ್ಲ. ದೊಡ್ಡ ಪಾಲು ಮಳೆಗಾಲದ ದಾಸ್ತಾನೇ.

ನಮಗೆ ಬೇಕಾದ್ದೂ ದಾಸ್ತಾನೇ ಅಲ್ವಾ? ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು ಹೋಗುತ್ತದೆ. ಜಂಬಿಟ್ಟಿಗೆ ನೆಲ ಅದನ್ನು ಹಿಡಿದಿಡುವುದಿಲ್ಲ. ಬೇಸಿಗೆ ಬಂದರೆ ಹಿತ್ತಲಿಗೆ ಕೊಡ ಹೊರಬೇಕು.

ಮರದ ದಿಮ್ಮಿ ಪೇರಿಸಿ, ಮೇಲೆ ಸೊಪ್ಪು, ಗೊಬ್ಬರ, ಮಣ್ಣು ಮುಚ್ಚಿ ದಿಬ್ಬ ಮಾಡಿ ತರಕಾರಿ ಬೆಳೆಯುವ ಪದ್ಧತಿ ಜರ್ಮನಿ, ಆಸ್ಟ್ರಿಯಾ ಕಡೆಯದು. ಹೆಸರು ಹ್ಯೂಗಲ್‌ಕಲ್ಟೂರ್. ಆಸ್ಟ್ರಿಯಾದ ರೈತ ಸೆಪ್ ಹೋಲ್ಜರ್ ಇದನ್ನು ಜಗತ್ತಿಗೆಲ್ಲ ಪರಿಚಯಿಸಿದವರಲ್ಲಿ ಒಬ್ಬರು. ಅಲ್ಲಿ ಆಳೆತ್ತರದ, ಕಡಿದಾದ ದಿಬ್ಬಗಳೂ ಇವೆ. ಅದನ್ನು ನೋಡಿ ಇಲ್ಲಿ ಹಾಗೇ ಕಟ್ಟಿದರೆ ಜುಲೈ ಹೊತ್ತಿಗೆ ಮಣ್ಣು ತೊಳೆದು ದಿಮ್ಮಿ ಹಲ್ಲು ಕಿರಿಯುತ್ತದೆ. ಮಲೆನಾಡಿಗೆ ಮೊಣಕಾಲೆತ್ತರ ಸಾಕು, ಅರ್ಧ ನೆಲದೊಳಗೆ. ಇಳಿಜಾರಿಗೆ ಅಡ್ಡಲಾಗಿ ಒಂದು ಮೊಳ ಆಳದ ಅಗಳು ತೆಗೆದು ಮೇ ತಿಂಗಳಲ್ಲೇ ಮುಗಿಸಿದರೆ ಮುಂಗಾರು ಉಳಿದ ಕೆಲಸ ಮಾಡುತ್ತದೆ. ಮೇಲೆ ದಪ್ಪಗೆ ದರಕು ಹೊದಿಸಬೇಕು.

ನೀರು ನಿಲ್ಲುವ ತಗ್ಗಿನಲ್ಲಿ ಮಾಡಿದರೆ ಪ್ರಯೋಜನವಿಲ್ಲ. ಶಿಲೀಂಧ್ರಕ್ಕೆ ಗಾಳಿ ಬೇಕು, ಮುಳುಗಿದ ಮರ ಬೇಗ ಕೊಳೆಯುವುದಿಲ್ಲ. ಮನೆ ಹಿಂದಿನ ಧರೆಯ (ಕಡಿದಾದ ಮಣ್ಣಿನ ಗೋಡೆಯ) ನೆತ್ತಿಯಲ್ಲಂತೂ ಬೇಡವೇ ಬೇಡ. ನೀರು ಇಂಗಿ ಧರೆ ಕುಸಿಯುವುದು ನಮಗೆ ಹೊಸದಲ್ಲ.

ಯಾವ ಮರ? ನನ್ನ ಮಟ್ಟಿಗೆ ಮುದಿ ಅಡಿಕೆ ಮರಕ್ಕಿಂತ ಒಳ್ಳೆಯದಿಲ್ಲ. ಹೊರಗೆ ಗಟ್ಟಿ, ಒಳಗೆ ಮೆತ್ತನೆ ತಿರುಳು, ಅದೇ ಮೊದಲು ಕೊಳೆಯುತ್ತದೆ. ಹಾಲವಾಣವೂ ಆದೀತು. ಸಾಗುವಾನಿ ಬೇಡ. ಅದರ ಕೆಚ್ಚಿನಲ್ಲಿರುವ (ಒಳಗಿನ ಗಟ್ಟಿ ಭಾಗದಲ್ಲಿರುವ) ರಾಸಾಯನಿಕಗಳು ಕೊಳೆಯಲು ಬಿಡುವುದಿಲ್ಲ. ಕಾಡಿನ ದಿಮ್ಮಿ ತರಲೂಬೇಡಿ, ಅಲ್ಲಿ ಅದಕ್ಕೆ ಅದರದೇ ಕೆಲಸವಿದೆ.

ಮೊದಲ ವರ್ಷ ಎಲೆ ಹಳದಿಯಾದರೆ ನೀರು ಸಾಲದೆಂದು ಸುರಿಯಬೇಡಿ. ಮರದಲ್ಲಿ ಒಂದು ಪಾಲು ಸಾರಜನಕಕ್ಕೆ ನೂರಾರು ಪಾಲು ಇಂಗಾಲವಿದೆ. ಸೂಕ್ಷ್ಮಜೀವಿಗಳಿಗೆ ಹೊಂದುವುದು 25-30 ಪಾಲು ಮಾತ್ರ. ಕೊರತೆಯ ಸಾರಜನಕವನ್ನು ಅವು ಗಿಡದ ಬಾಯಿಂದಲೇ ಕಿತ್ತುಕೊಳ್ಳುತ್ತವೆ. ಹಾಗಾಗಿ ದಿಮ್ಮಿಯ ಮೇಲೆ ಸಗಣಿ, ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಸೊಪ್ಪು ಧಾರಾಳವಾಗಿ ಹಾಕಬೇಕು. ಮೊದಲ ಬೆಳೆಯಾಗಿ ಅಲಸಂದೆ ಒಳ್ಳೆಯದು. ಅದರ ಬೇರಿನ ಗಂಟಿನಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನೇ ಬಳಸಿಕೊಳ್ಳುತ್ತವೆ.

ಗೆದ್ದಲು ಬಂದೇ ಬರುತ್ತದೆ. ದಿಬ್ಬಕ್ಕೆ ಅದರಿಂದ ನಷ್ಟಕ್ಕಿಂತ ಲಾಭವೇ ಜಾಸ್ತಿ. ಮರ ಪುಡಿಯಾಗುತ್ತದೆ, ಅದು ಕೊರೆದ ದಾರಿಯಲ್ಲಿ ನೀರು ಇಳಿಯುತ್ತದೆ. ಆದರೆ ಮರದ ಕಂಬದ ಹಳೇ ಮನೆಯ ಪಕ್ಕ ದಿಬ್ಬ ಮಾಡುವುದು ಗೆದ್ದಲಿಗೆ ಎಲೆ ಹಾಕಿ ಬಡಿಸಿದಂತೆ. ದೂರವಿರಲಿ.

ನಮ್ಮ ಸೆಕೆ, ತೇವದಲ್ಲಿ ಮರ ಯುರೋಪಿಗಿಂತ ಬೇಗ ಕರಗುತ್ತದೆ. ದಿಬ್ಬ ಕುಸಿಯುತ್ತಾ ಬರುತ್ತದೆ. ವರ್ಷ ವರ್ಷ ಮೇಲೆ ಮಣ್ಣು, ಗೊಬ್ಬರ ಏರಿಸಿ. ದಿಮ್ಮಿ ಪೂರ್ತಿ ಕರಗಿದ ಮೇಲೆ ಅದು ಮಾಮೂಲಿ ಏರಿಮಡಿ, ಮಣ್ಣು ಮಾತ್ರ ಮೊದಲಿಗಿಂತ ಕಪ್ಪು. ಹೊಸ ದಿಮ್ಮಿಗೆ ಪಕ್ಕದಲ್ಲೇ ಇನ್ನೊಂದು ಅಗಳು ತೆಗೆದರಾಯಿತು.